ಲ್ಯಾಪ್‌ಟಾಪು ಮಲಗಿದಾಗ ಡಿಸ್ಕಿನ ಪಾಡು

“ಮುಟ್ಟೇ ಇಲ್ಲ ಕಣೋ ನಾನು! ರಾತ್ರಿ ಮುಚ್ಚಿಟ್ಟು ಮಲಗಿದೆ, ಬೆಳಿಗ್ಗೆ ಕಾಫಿ ಕುಡಿದು ತೆಗೆದೆ. ಮಧ್ಯೆ ಯಾರು ಬಂದು ಕಿತ್ತರಂತೆ ಡಿಸ್ಕನ್ನ?”

ಕಾಂಪೌಂಡ್ ಗೋಡೆಯಾಚೆ ದಾಸವಾಳ ಬಿಡಿಸುತ್ತಿದ್ದ ಪಕ್ಕದ ಮನೆಯ ಅಕ್ಕ ಕೇಳಿದರು. ಮಗ ಕೊಟ್ಟುಹೋದ ಹಳೆಯ ಮ್ಯಾಕ್ ಲ್ಯಾಪ್‌ಟಾಪು ಅವರದು. ಮುಚ್ಚಳ ತೆಗೆದ ಕೂಡಲೇ ‘ಡಿಸ್ಕ್ ನಾಟ್ ಎಜೆಕ್ಟೆಡ್ ಪ್ರಾಪರ್ಲಿ’ ಎಂದು ಪರದೆಯ ಮೂಲೆಯಲ್ಲಿ ದಿನಾ ತೋರಿಸುತ್ತದಂತೆ. ಮಾಡದ ತಪ್ಪಿಗೆ ದಿನಾ ಬೈಸಿಕೊಂಡರೆ ಯಾರಿಗಾದರೂ ಬೇಜಾರೇ.

ಆ ಡಿಸ್ಕಿನಲ್ಲಿ ಏನಿದೆ ಅನ್ನುವುದು ನಮ್ಮ ಬೀದಿಗೆಲ್ಲ ಗೊತ್ತು. ತೀರಿಹೋದ ಭಾವನವರು ಗಮಕಿಗಳು. ಕುಮಾರವ್ಯಾಸನನ್ನೂ ಲಕ್ಷ್ಮೀಶನನ್ನೂ ಮೈಸೂರಿನ ಎಷ್ಟೋ ಮನೆಗಳ ನಡುಮನೆಯಲ್ಲಿ ಕೂತು ವಾಚಿಸಿದವರು. ಅಂದಿನ ಕ್ಯಾಸೆಟ್ಟುಗಳನ್ನು ಅಕ್ಕ ಈಗ ಒಂದೊಂದಾಗಿ ಟೇಪ್‌ರೆಕಾರ್ಡರಿನಿಂದ ಲ್ಯಾಪ್‌ಟಾಪಿಗೆ ಇಳಿಸುತ್ತಿದ್ದಾರೆ. ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ಟು ಸಿ.ಡಿ. ಗುಣಮಟ್ಟದಲ್ಲಿ ಇಳಿದರೆ ಸುಮಾರು 950 ಎಂ.ಬಿ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದು, ಅದಕ್ಕೇ ಈ ಹೊರಗಿನ ಹಾರ್ಡ್ ಡಿಸ್ಕು. ಎಪ್ಪತ್ತರ ಹತ್ತಿರದ ಹೆಂಗಸು ಒಬ್ಬರೇ ಕೂತು ಈ ಕೆಲಸ ಮಾಡುವುದನ್ನು ನೋಡಿದರೆ ನನಗೆ ಅವರ ಮೇಲಿನ ಗೌರವ ಇನ್ನೂ ಹೆಚ್ಚುತ್ತದೆ.

“ಯಾರೂ ಕಿತ್ತಿಲ್ಲ ಅಕ್ಕ, ಕರೆಂಟು ಹೋಗಿ ಬಂದಿರುತ್ತೆ” ಅಂದೆ.

“ನಿನ್ನೆ ರಾತ್ರಿ ಕರೆಂಟ್ ಹೋಗಿರಲಿಲ್ಲವಲ್ಲ?”

ಮನೆಯ ಕರೆಂಟಲ್ಲ, ಡಿಸ್ಕಿನ ಕರೆಂಟು. ಅಂಗೈಯಗಲದ ಇಂಥ ಎರಡೂವರೆ ಇಂಚಿನ ಡಿಸ್ಕಿಗೆ ಬೇರೆ ಅಡಾಪ್ಟರ್ ಇಲ್ಲ. ಹಾಡು ಹೋಗಿಬರುವ ಯು.ಎಸ್.ಬಿ. ಕೇಬಲ್ಲಿನಲ್ಲೇ ಅದರ ವಿದ್ಯುತ್ತೂ ಬರಬೇಕು. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಾಗ ಪ್ರೊಸೆಸರು ನಿಲ್ಲುತ್ತದೆ, ರ್‍ಯಾಮಿಗೆ ಮಾತ್ರ ನೆನಪು ಉಳಿಯುವಷ್ಟು ವಿದ್ಯುತ್ತು ಹೋಗುತ್ತಿರುತ್ತದೆ. ಯು.ಎಸ್.ಬಿ. ಪೋರ್ಟಿನ ಗತಿ ಒಂದೊಂದು ಯಂತ್ರದಲ್ಲಿ ಒಂದೊಂದು ಥರ. ಕೆಲವು ಐದು ವೋಲ್ಟನ್ನು ಹಾಗೇ ಬಿಡುತ್ತವೆ, ಕೆಲವು ನಿಲ್ಲಿಸಿಬಿಡುತ್ತವೆ. ಸಾಲದ್ದಕ್ಕೆ ಡಿಸ್ಕಿನ ಡಬ್ಬಿಯೊಳಗೆ ಒಂದು ಪುಟ್ಟ ಚಿಪ್ಪು ಬೇರೆ ಕೂತಿರುತ್ತದೆ. ಯು.ಎಸ್.ಬಿ. ಮಾತನ್ನು ಡಿಸ್ಕಿಗೆ ತಿಳಿಯುವ ಸಾಟಾ ಮಾತಿಗೆ ಬದಲಿಸುವುದು ಅದರ ಕೆಲಸ. ಎಷ್ಟು ಹೊತ್ತು ಕೆಲಸವಿಲ್ಲದಿದ್ದರೆ ಡಿಸ್ಕನ್ನು ನಿಲ್ಲಿಸಬೇಕು ಎನ್ನುವುದನ್ನು ಎಷ್ಟೋ ಸಲ ಅದೇ ತೀರ್ಮಾನಿಸುತ್ತದೆ. ಬೆಳಿಗ್ಗೆ ಲ್ಯಾಪ್‌ಟಾಪು ಎದ್ದು ಕೂಗಿದಾಗ ಡಿಸ್ಕು ಓಗೊಡುವುದು ತಡವಾದರೆ, ಯಾರೋ ಕಿತ್ತು ಮತ್ತೆ ಚುಚ್ಚಿದ್ದಾರೆ ಎಂದೇ ಯಂತ್ರದ ಲೆಕ್ಕ.

“ಆದರೂ ಹಾಡೆಲ್ಲ ಹಾಗೇ ಇದೆಯಲ್ಲೋ” ಅಂದರು ಅಕ್ಕ.

ಇದೆ. ಹೆಚ್ಚಿನ ದಿನ ಇರುತ್ತದೆ ಕೂಡ. ಮಲಗುವ ಮುಂಚೆ ಬಾಕಿ ಬರಹವನ್ನೆಲ್ಲ ಡಿಸ್ಕಿಗೆ ಒಪ್ಪಿಸಿಯೇ ಯಂತ್ರ ಮಲಗುವುದು. ಸುಮ್ಮನೆ ಹೆದರಿಸುವುದು ನನಗೆ ಇಷ್ಟವಿಲ್ಲ. ಆದರೆ ಡಿಸ್ಕಿನ ಒಳಗೆ ಏನಾಗುತ್ತದೆ ಅನ್ನುವುದನ್ನು ಒಂದು ಸಲ ತಿಳಿದುಕೊಂಡವರು ಅದನ್ನು ಹಾಗೇ ಸಿಕ್ಕಿಸಿಟ್ಟು ಮುಚ್ಚಳ ಮುಚ್ಚಲಾರರು.

“ಮುಚ್ಚಳ ಮುಚ್ಚುವಾಗ ಡಿಸ್ಕಿನ ಹತ್ತಿರ ಕಿವಿ ಇಟ್ಟು ಕೇಳಿದ್ದೀರಾ ಅಕ್ಕ?”

“ಕಟಕ್ ಅನ್ನುತ್ತೆ. ಏನೋ ಮುರಿದ ಹಾಗೆ.”

ಒಳಗಿರುವುದು ಕನ್ನಡಿಯಂತೆ ಹೊಳೆಯುವ ತಟ್ಟೆ. ಈ ಗಾತ್ರದ ಡಿಸ್ಕುಗಳಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ ತೊಂಬತ್ತು ಸುತ್ತು ತಿರುಗುತ್ತಿರುತ್ತದೆ. ಓದಿ ಬರೆಯುವ ಹೆಡ್ಡು ಅದರ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡದಿಂದಲೇ ತೇಲುತ್ತದೆ. ತಟ್ಟೆ ನಿಂತರೆ ಆ ಗಾಳಿಯೂ ಇಲ್ಲ, ಹೆಡ್ಡು ಬಿದ್ದು ಗೀಚಿಬಿಡಬೇಕು. ಹಾಗಾಗದಂತೆ ಪಕ್ಕದಲ್ಲಿ ಒಂದು ಸಣ್ಣ ಇಳಿಜಾರು ಮಾಡಿರುತ್ತಾರೆ. ಕ್ರಮವಾಗಿ ನಿಲ್ಲಿಸಿದರೆ ಹೆಡ್ಡು ಮೊದಲು ಅಲ್ಲಿಗೆ ಹೋಗಿ ಕೂರುತ್ತದೆ, ಆಮೇಲೆ ತಟ್ಟೆ ನಿಲ್ಲುತ್ತದೆ. ವಿದ್ಯುತ್ತು ಹಠಾತ್ತನೆ ಹೋದರೆ? ಇಲ್ಲಿಯ ಜಾಣ್ಮೆಯನ್ನು ಎಷ್ಟು ಸಲ ನೆನೆದರೂ ನನಗೆ ಬೆರಗು ತೀರದು. ತಟ್ಟೆ ಇನ್ನೂ ತನ್ನ ವೇಗದಲ್ಲೇ ಸುತ್ತುತ್ತಿರುತ್ತದೆ. ಆ ಸುತ್ತಿನಿಂದಲೇ ಮೋಟರು ಒಂದಿಷ್ಟು ವಿದ್ಯುತ್ತು ಹುಟ್ಟಿಸಿಕೊಡುತ್ತದೆ, ಅದರ ಬಲವೇ ಹೆಡ್ಡನ್ನು ಸರಕ್ಕನೆ ಇಳಿಜಾರಿಗೆ ಎಳೆದುಬಿಡುತ್ತದೆ. ಅಕ್ಕ ಕೇಳಿದ ಕಟಕ್ ಅದೇ.

ಜೀವ ಉಳಿಸಿಕೊಳ್ಳುವ ಈ ಎಳೆತ ಆಪತ್ತಿಗೆಂದು ಇಟ್ಟದ್ದು, ದಿನಬಳಕೆಗಲ್ಲ. ಕ್ರಮವಾಗಿ ಇಳಿದು ಕೂರುವುದನ್ನು ಈ ಡಿಸ್ಕುಗಳು ಲಕ್ಷಗಟ್ಟಲೆ ಸಲ ತಡೆಯುತ್ತವೆ. ಕೆಲವಕ್ಕೆ 3 ಲಕ್ಷ, ಕೆಲವಕ್ಕೆ 6 ಲಕ್ಷ ಎಂದು ತಯಾರಕರೇ ಬರೆದಿರುತ್ತಾರೆ. ಹಠಾತ್ ಎಳೆತ ಅದಕ್ಕಿಂತ ಒರಟು. ಅದನ್ನು ಡಿಸ್ಕು ತನ್ನೊಳಗೇ ಬೇರೆಯಾಗಿ ಎಣಿಸಿಟ್ಟುಕೊಳ್ಳುವುದೂ ಉಂಟು. ‘ಸ್ಮಾರ್ಟ್’ ಎನ್ನುವ ಆರೋಗ್ಯದ ಪಟ್ಟಿಯಲ್ಲಿ ‘ಪವರ್ ಆಫ್ ರಿಟ್ರ್ಯಾಕ್ಟ್ ಕೌಂಟ್’ ಎಂದು ಆ ಲೆಕ್ಕ ಕಾಣುತ್ತದೆ.

ಅಕ್ಕ ಹೂವಿನ ಬುಟ್ಟಿಯನ್ನು ಗೋಡೆಯ ಮೇಲಿಟ್ಟರು. “ಇನ್ನೊಂದು ಕೇಳಬೇಕಿತ್ತು. ಮಗ ಬಂದಾಗ ಲ್ಯಾಪ್‌ಟಾಪು ಮುಚ್ಚಿರೋ ಹಾಗೇ ಡಿಸ್ಕನ್ನ ತೆಗೆದುಕೊಂಡು ತನ್ನ ಕಂಪ್ಯೂಟರಿಗೆ ಹಾಕ್ತಾನೆ. ಒಂದಷ್ಟು ಹಾಡಿನ ಹೆಸರು ಬದಲಾಯಿಸಿ ತಂದು ಮತ್ತೆ ಅಲ್ಲೇ ಚುಚ್ಚುತ್ತಾನೆ. ಅದರಿಂದ ಏನೂ ಇಲ್ಲ ತಾನೇ?”

ಕೇಳಿ ಎದೆ ಧಸಕ್ಕೆಂದಿತು. “ಅದೊಂದು ಮಾತ್ರ ಬೇಡವೇ ಬೇಡ ಅಕ್ಕ.”

ನಮ್ಮ ಮೂಲೆಯಂಗಡಿಯ ಶೆಟ್ಟರ ಲೆಕ್ಕವನ್ನೇ ತೆಗೆದುಕೊಳ್ಳಿ ಅಂದೆ. ಯಾರದು ಎಷ್ಟು ಬಾಕಿ ಅನ್ನುವುದು ಖಾತೆ ಪುಸ್ತಕದಲ್ಲಿದೆ, ಶೆಟ್ಟರ ತಲೆಯಲ್ಲೂ ಇದೆ. ಅವರು ಮಧ್ಯಾಹ್ನ ಒರಗಿದ್ದಾಗ ಮಗ ಪುಸ್ತಕ ಒಯ್ದು ನಾಲ್ಕು ಲೆಕ್ಕ ತಿದ್ದಿ ತಂದು ಅಲ್ಲೇ ಇಟ್ಟ ಅನ್ನಿ. ಶೆಟ್ಟರು ಎದ್ದವರು ಪುಸ್ತಕವನ್ನು ಮತ್ತೆ ಓದದೆ ತಲೆಯಲ್ಲಿದ್ದ ಹಳೆಯ ಲೆಕ್ಕವನ್ನೇ ಅದರ ಮೇಲೆ ಬರೆದರೆ, ಮಗನ ಲೆಕ್ಕವೂ ಹೋಯಿತು, ತಮ್ಮದೂ ಹೋಯಿತು. ಯಾವ ಹಾಡು ಡಿಸ್ಕಿನ ಯಾವ ಜಾಗದಲ್ಲಿದೆ ಎಂಬ ಪಟ್ಟಿಯ ಒಂದು ಭಾಗವನ್ನು ಮಲಗಿದ ಯಂತ್ರ ರ್‍ಯಾಮಿನಲ್ಲಿ ಹೀಗೇ ಹಿಡಿದುಕೊಂಡಿರುತ್ತದೆ. ಎದ್ದಾಗ ಡಿಸ್ಕು ಬೇರೆಯದು ಅಂದುಕೊಂಡು ಪಟ್ಟಿಯನ್ನು ಹೊಸದಾಗಿ ಓದಿದರೆ ಪುಣ್ಯ. ಅದೇ ಡಿಸ್ಕು, ಕದಲೇ ಇಲ್ಲ ಎಂದು ನಂಬಿದರೆ ಹಳೆಯ ಪಟ್ಟಿಯನ್ನು ಹೊಸದರ ಮೇಲೆ ಬರೆದುಬಿಡಬಹುದು. ನಿದ್ದೆಯ ಆಚೀಚೆ ಯು.ಎಸ್.ಬಿ. ಡಿಸ್ಕನ್ನು ಅದೇ ಎಂದು ನಂಬಿಕೊಳ್ಳುವ ಏರ್ಪಾಡು ಲಿನಕ್ಸ್‌ನಲ್ಲಿದೆ. ಇದು ಅಪಾಯಕಾರಿ ಎಂದು ಅದನ್ನು ಬರೆದವರೇ ಕೈಪಿಡಿಯಲ್ಲಿ ದಪ್ಪಕ್ಷರದ ಎಚ್ಚರಿಕೆ ಕೊಟ್ಟಿದ್ದಾರೆ. ಹಾಗೆ ಹಳೆಯ ಪಟ್ಟಿ ಬರೆದುಬಿಟ್ಟರೆ ಬೆಳಿಗ್ಗೆ ನೋಡಿಕೊಳ್ಳಬೇಕಾದ್ದು ಒಂದು ಸಂದೇಶವನ್ನಲ್ಲ, ತೆರೆಯಲಾಗದ ಡಿಸ್ಕನ್ನು.

“ಅವನು ಹೇಳ್ತಾನಪ್ಪ, ಈಗ ಹಾಗೆಲ್ಲ ಕೇಳಿ ತೆಗೀಬೇಕಿಲ್ಲ ಅಮ್ಮ, ಸುಮ್ಮನೆ ಕೀಳು ಅಂತ.”

ಮಗನ ಮಾತೂ ಸುಳ್ಳಲ್ಲ. ಅವನದು ವಿಂಡೋಸ್. ವಿಂಡೋಸ್ 10ರ 2018ರ ಅಕ್ಟೋಬರ್ ಆವೃತ್ತಿಯಿಂದ ಹೊರಗಿನ ಡಿಸ್ಕುಗಳಿಗೆ ‘ಕ್ವಿಕ್ ರಿಮೂವಲ್’ ಎನ್ನುವ ಏರ್ಪಾಡೇ ಮೊದಲಿಂದ ಇರುತ್ತದೆ. ಬರೆಯಬೇಕಾದ್ದನ್ನು ಬಾಕಿ ಇಟ್ಟುಕೊಳ್ಳದೆ ಆಗಿಂದಾಗಲೇ ಬರೆದುಬಿಡುವ ಕ್ರಮ ಅದು. ಆದರೆ ಅದು ಅವನ ಯಂತ್ರದ ಕ್ರಮ, ಅಕ್ಕನ ಮ್ಯಾಕ್‌ಗೆ ಅನ್ವಯಿಸದು. ಅದೂ ಅಲ್ಲದೆ ಎರಡೂ ಕಡೆ ನಡೆಯಲಿ ಎಂದು ಈ ಡಿಸ್ಕನ್ನು ‘ಎಕ್ಸ್‌ಫ್ಯಾಟ್’ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿದ್ದಾರೆ. ವಿಂಡೋಸಿನ ಎನ್.ಟಿ.ಎಫ್.ಎಸ್. ತಾನು ಮಾಡಹೊರಟ ಬದಲಾವಣೆಯನ್ನು ಮೊದಲು ಒಂದು ದಿನಚರಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ, ಅರ್ಧಕ್ಕೆ ನಿಂತರೂ ಅದನ್ನು ನೋಡಿ ಸರಿಮಾಡಿಕೊಳ್ಳುತ್ತದೆ. ಎಕ್ಸ್‌ಫ್ಯಾಟಿಗೆ ಆ ದಿನಚರಿ ಇಲ್ಲ. ಮಗನ ಕಂಪ್ಯೂಟರಿನ ಬಗ್ಗೆಯೂ ಒಂದು ಮಾತು ಹೇಳಿದೆ: 2012ರ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಬಂದ ಮೇಲೆ ಶಟ್ ಡೌನ್ ಎಂದು ಒತ್ತಿದರೂ ಒಳಗಿನ ಒಂದು ಭಾಗ ಪೂರ್ತಿ ಮುಚ್ಚುವುದಿಲ್ಲ, ತನ್ನ ನೆನಪನ್ನು ಬರೆದಿಟ್ಟುಕೊಂಡೇ ಆರುತ್ತದೆ. ಆರಿಸುವ ಮುಂಚೆಯೂ ಡಿಸ್ಕನ್ನು ಬಿಡಿಸಿಕೊಳ್ಳುವುದೇ ಒಳ್ಳೆಯದು.

“ಹಾಗಾದರೆ ನಾನು ದಿನಾ ಎಜೆಕ್ಟ್ ಮಾಡಬೇಕು, ಅಷ್ಟೇ ತಾನೇ? ಹೇಗೆ ಅಂತ ಒಂದು ಸಲ ಫೋನಲ್ಲಿ ಹೇಳಿದ್ದ ಅವನು. ಡಿಸ್ಕಿನ ಚಿತ್ರವನ್ನ ಎಳೆದು ಕಸದಬುಟ್ಟಿಗೆ ಹಾಕು ಅಂದ.” ಅಕ್ಕ ಒಂದು ಕ್ಷಣ ಸುಮ್ಮನಾದರು. “ಅವರ ದನಿಯನ್ನ ನಾನು ಕಸದಬುಟ್ಟಿಗೆ ಹೇಗೆ ಎಳೀಲೋ? ಅದಕ್ಕೇ ಬಿಟ್ಟುಬಿಟ್ಟೆ.”

ಇಷ್ಟು ದಿನ ಈ ಸಂದೇಶ ಯಾಕೆ ಬರುತ್ತಿತ್ತು ಅನ್ನುವುದು ಆಗ ತಿಳಿಯಿತು. ಮ್ಯಾಕ್‌ನಲ್ಲಿ ಡಿಸ್ಕನ್ನು ಬುಟ್ಟಿಯ ಕಡೆ ಎಳೆದಾಗ ಬುಟ್ಟಿಯ ಚಿತ್ರವೇ ಎಜೆಕ್ಟ್ ಗುರುತಾಗಿ ಬದಲಾಗುತ್ತದೆ, ಏನೂ ಅಳಿಸಿಹೋಗುವುದಿಲ್ಲ. ಹಾಗೆಂದು ಅಕ್ಕನ ಅಂಜಿಕೆ ತಪ್ಪು ಅನ್ನುವ ಮನಸ್ಸು ನನಗಿಲ್ಲ. ಇದಕ್ಕೆ ಕಸದಬುಟ್ಟಿಯನ್ನೇ ಆರಿಸಿಕೊಂಡದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ.

“ಬುಟ್ಟಿ ಬೇಡ ಅಕ್ಕ. ಫೈಂಡರ್ ತೆಗೆದರೆ ಎಡಗಡೆ ಪಟ್ಟಿಯಲ್ಲಿ ಡಿಸ್ಕಿನ ಹೆಸರು ಇರುತ್ತೆ. ಪಕ್ಕದಲ್ಲೇ ಮೇಲ್ಮುಖದ ಸಣ್ಣ ಬಾಣ. ಅದನ್ನ ಒತ್ತಿ. ಹೆಸರು ಮಾಯವಾಗುತ್ತೆ. ಆಮೇಲೆ ಡಿಸ್ಕಿನ ಮೇಲೆ ಬೆರಳಿಟ್ಟು ನೋಡಿ, ಒಳಗಿನ ಸಣ್ಣ ನಡುಕ ನಿಂತ ಮೇಲೆ ಕೇಬಲ್ ಕಿತ್ತರಾಯಿತು. ಮುಚ್ಚಳ ಮುಚ್ಚೋದು ಆಮೇಲೆ.”

“ಕ್ಯಾಸೆಟ್ಟು ಕಾಪಿ ಆಗ್ತಾ ಇರುವಾಗ?”

“ಆಗ ಮುಚ್ಚಳ ತೆಗೆದೇ ಇರಲಿ, ಚಾರ್ಜರ್ ಚುಚ್ಚಿರಲಿ. ಮುಚ್ಚಿದರೆ ಕಾಪಿ ಅರ್ಧಕ್ಕೇ ನಿಲ್ಲುತ್ತೆ. ಕೇಬಲ್ಲನ್ನ ಆ ನಾಲ್ಕು ತೂತಿನ ಹಬ್ಬಿಗೆ ಹಾಕಬೇಡಿ, ನೇರ ಲ್ಯಾಪ್‌ಟಾಪಿಗೇ ಹಾಕಿ. ಯು.ಎಸ್.ಬಿ. 2 ಪೋರ್ಟು ಕೊಡೋದೇ 500 ಮಿಲಿ ಆಂಪಿಯರ್, 3 ಆದರೆ 900. ತಟ್ಟೆ ಹೊರಡುವಾಗಲೇ ಜಾಸ್ತಿ ಎಳೆಯೋದು. ಆ ಕರೆಂಟನ್ನ ಹಬ್ಬಿನಲ್ಲಿ ಮೌಸಿಗೂ ಪೆನ್ ಡ್ರೈವಿಗೂ ಹಂಚಿದರೆ ಡಿಸ್ಕು ಏಳೋದೇ ಇಲ್ಲ.”

ಅಕ್ಕ ತಲೆಯಾಡಿಸಿದರು. ನನಗೆ ಮಾತ್ರ ಕೇಳದೆ ಇರಲಾಗಲಿಲ್ಲ. “ಇದರದ್ದು ಇನ್ನೊಂದು ಪ್ರತಿ ಎಲ್ಲಿದೆ?”

“ಕ್ಯಾಸೆಟ್ಟೇ ಇದೆಯಲ್ಲ.”

“ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದೆ ಅಂತ ನೀವೇ ಹೇಳಿದಿರಿ.”

ಯುಗಾದಿಗೆ ಮಗಳು ಹಾಸನದಿಂದ ಬರುತ್ತಾಳೆ, ಆಗ ಇನ್ನೊಂದು ಡಿಸ್ಕು ತರಿಸಿ ಅವಳ ಹತ್ತಿರ ಕಳಿಸಿಕೊಡುತ್ತೇನೆ ಅಂದರು. ಡಿಸ್ಕು ಹಾಸನಕ್ಕೆ ಹೋಗುವುದು ಯುಗಾದಿಗೇ ಆಗಲಿ, ಪ್ರತಿ ಮಾಡುವುದಕ್ಕೆ ಅಲ್ಲಿವರೆಗೆ ಕಾಯುವುದು ಬೇಡ ಅಂದೆ. ನನ್ನ ಹತ್ತಿರ ಒಂದು ಖಾಲಿ ಡಿಸ್ಕು ಇದೆ. ಸಂಜೆ ಐದಕ್ಕೆ ತಂದುಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ, ಬಾಣ ಒತ್ತುವುದನ್ನೂ ಪಕ್ಕದಲ್ಲಿ ಕೂತೇ ತೋರಿಸಬೇಕಂತೆ.