ಸದರಿ ಹುಡುಗ

ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಈಗ ಇಂಥವನೊಬ್ಬ ಸಿಗುತ್ತಾನೆ. ಓದುವುದು ಸರ್ಕಾರಿ ಪ್ರೌಢಶಾಲೆಯ ಎಂಟನೆಯದೋ ಒಂಬತ್ತನೆಯದೋ ಕ್ಲಾಸು. ಮೀಸೆ ಇನ್ನೂ ಬಂದಿಲ್ಲ, ಬರಬೇಕಾದ ಜಾಗವನ್ನು ಮಾತ್ರ ಆಗಾಗ ನೀವಿಕೊಳ್ಳುತ್ತಾನೆ. ನಡೆಯುವಾಗ ಕೈ ಎರಡೂ ಬೆನ್ನ ಹಿಂದೆ. ಇಷ್ಟಾದರೂ ಗುರುತು ಹತ್ತದಿದ್ದರೆ ‘ಟೈಮೆಷ್ಟಾಯ್ತೋ ಮಗಾ?’ ಎಂದು ಕೇಳಿ ನೋಡಿ. ಬೇರೆ ಮಕ್ಕಳು ಐದೂಕಾಲು ಎಂದರೆ ಇವನು ‘ಹದಿನೇಳು ಗಂಟೆ ಹದಿನೈದು ನಿಮಿಷ’ ಎನ್ನುತ್ತಾನೆ. ಅವನೇ ಎಸ್‌ಪಿಸಿ, ಅಂದರೆ ಸ್ಟೂಡೆಂಟ್ ಪೊಲೀಸ್ ಕೆಡೆಟ್. ಊರವರ ಬಾಯಲ್ಲಿ ಎಸ್‌ಪಿ. ಒಂದಕ್ಷರ ಉದುರಿದ್ದರಿಂದ ಸಿಕ್ಕ ಬಡ್ತಿಯನ್ನು ಅವನೂ ತಿದ್ದಲು ಹೋಗಿಲ್ಲ.

ಈ ಯೋಜನೆ ಹುಟ್ಟಿದ್ದು ಕೇರಳದಲ್ಲಿ, 2010ರಲ್ಲಿ. 2018ರ ಜುಲೈನಲ್ಲಿ ಆಗಿನ ಕೇಂದ್ರ ಗೃಹ ಸಚಿವ ರಾಜನಾಥ್ ಸಿಂಗ್ ಅದನ್ನು ಇಡೀ ದೇಶಕ್ಕೆ ತಂದರು. ಪೊಲೀಸರೇ ಶಾಲೆಗೆ ಬಂದು ಪರೇಡು, ಕಾನೂನು, ಸಂಚಾರ ನಿಯಮ ಹೇಳಿಕೊಡುವುದು, ಆಮೇಲೆ ಮಕ್ಕಳನ್ನು ಠಾಣೆಗೆ ಕರೆದೊಯ್ದು ಅಲ್ಲಿನ ಕೆಲಸ ತೋರಿಸುವುದು. ಮಕ್ಕಳಿಗೆ ಶಿಸ್ತು ಬರಲಿ, ಖಾಕಿಯ ಭಯ ಹೋಗಲಿ ಎಂಬುದು ಉದ್ದೇಶ. ಭಯವೇನೋ ಹೋಯಿತು, ಸೀದಾ ಮನೆಯವರಿಗೆ ವರ್ಗವಾಯಿತು. ಮಕ್ಕಳನ್ನು ಆರಿಸುವವರು ಪಿ.ಟಿ. ಮೇಷ್ಟ್ರು. ಕಾಗದದ ಮೇಲಿನ ಅರ್ಹತೆ ಏನೇ ಇರಲಿ, ಯಾರು ಕ್ಲಾಸಿನಲ್ಲಿ ಇಲ್ಲದಿದ್ದರೆ ಉಳಿದ ಮೇಷ್ಟ್ರುಗಳಿಗೆ ನೆಮ್ಮದಿಯೋ ಅಂಥವರ ಹೆಸರು ಪಟ್ಟಿಯಲ್ಲಿ ಮೊದಲಿರುತ್ತದೆ.

ಠಾಣೆಯ ಮೆಟ್ಟಿಲು ಹತ್ತುವವರೆಗೂ ಅವನ ತಲೆಯಲ್ಲಿದ್ದದ್ದು ಸಿನಿಮಾ. 1996ರ ‘ಪೊಲೀಸ್ ಸ್ಟೋರಿ’ ಅವನಪ್ಪನ ಕಾಲದ್ದು, ಅಪ್ಪ ಟಿ.ವಿ.ಯಲ್ಲಿ ನೋಡುವಾಗಲೆಲ್ಲ ಪಕ್ಕದಲ್ಲಿ ಕೂತು, ಸಾಯಿಕುಮಾರ್ ಉಸಿರುಬಿಡದೆ ಗುಡುಗುವುದನ್ನು ಕಲಿತು, ಬಚ್ಚಲುಮನೆಯಲ್ಲಿ ಅಭ್ಯಾಸ ಮಾಡಿದವನು ಇವನು. ಠಾಣೆಯಲ್ಲಿ ಯಾರೂ ಗುಡುಗುತ್ತಿರಲಿಲ್ಲ. ರಾತ್ರಿಯೆಲ್ಲ ಬಂದೋಬಸ್ತು ಮಾಡಿ ಬಂದ ಪಿಸಿಯೊಬ್ಬರು ಬೆಂಚಿನ ಮೇಲೆ ಕೂತು ಬೂಟು ಬಿಚ್ಚಿ, ಸಾಕ್ಸನ್ನು ಕಿಟಕಿ ಸರಳಿಗೆ ಒಣಹಾಕುತ್ತಿದ್ದರು. ಲಾಕಪ್ಪಿನೊಳಗೆ ರೌಡಿಗಳ ಬದಲು ಎರಡು ಪೊರಕೆ, ಒಂದು ಹಗ್ಗದ ಸುರುಳಿ. ಅಂಗಳದಲ್ಲಿ ಮುದ್ದೆಮಾಲು ಬೈಕುಗಳು ತುಕ್ಕು ಹಿಡಿದು ಒಂದಕ್ಕೊಂದು ಒರಗಿದ್ದವು. ಒಂದರ ಹ್ಯಾಂಡಲ್ಲಿಗೆ ತೊಂಡೆಬಳ್ಳಿ ಹಬ್ಬಿ ಕಾಯಿ ಬಿಟ್ಟಿತ್ತು. (ಆ ಕಾಯಿಗಳನ್ನು ಯಾವ ಕಲಂ ರೀತ್ಯಾ ಯಾರ ವಶಕ್ಕೆ ಕೊಡಬೇಕೋ ನನಗೂ ಕುತೂಹಲವಿದೆ.)

‘ಸರ್, ಗನ್ ಎಲ್ಲಿ?’ ಎಂದು ಕೇಳಿದ.

ರೈಟರ್ ತಲೆ ಎತ್ತದೆ ‘ಮೊದ್ಲು ನಿನ್ ಹ್ಯಾಂಡ್‌ರೈಟಿಂಗ್ ತೋರ್ಸು’ ಎಂದರು. ಅಕ್ಷರ ದುಂಡಗಿತ್ತು. ಅಲ್ಲಿಗೆ ಅವನ ಪೊಲೀಸ್ ಜೀವನ ತೀರ್ಮಾನವಾಯಿತು. ಉಳಿದ ಮಕ್ಕಳು ವಾಕಿಟಾಕಿ ಮುಟ್ಟಿ ಮುಟ್ಟಿ ನೋಡುತ್ತಿದ್ದರೆ ಇವನು ರೈಟರ್ ಪಕ್ಕದ ಸ್ಟೂಲಿನಲ್ಲಿ ಕೂತು ರಿಜಿಸ್ಟರಿಗೆ ಸ್ಕೇಲು ಹಿಡಿದು ಗೆರೆ ಎಳೆಯತೊಡಗಿದ. ಬಂದವರ ಹೇಳಿಕೆ ಬರೆಸಿಕೊಳ್ಳುವುದನ್ನು ಕಿವಿಯಿಟ್ಟು ಕೇಳಿದ. ‘ಗುಂಡು ಹಾರ್ಸೋದೇನ್ ಮಹಾ? ಹಾರ್ಸಿದ್ಮೇಲೆ ಬರೀಬೇಕಲ್ಲ, ಅದಕ್ಕೇ ಯಾರೂ ಹಾರ್ಸಲ್ಲ’ ಎಂದು ರೈಟರ್ ಇಲಾಖೆಯ ಗುಟ್ಟನ್ನೂ ಹೇಳಿಕೊಟ್ಟರು.

ಅವತ್ತಿನಿಂದ ಮನೆ ಠಾಣಾ ಸರಹದ್ದಿಗೆ ಸೇರಿತು. ‘ಅಣ್ಣ ರಿಮೋಟ್ ಕೊಡ್ತಿಲ್ಲ’ ಎಂದು ತಂಗಿ ಅತ್ತರೆ ಅವಳ ಕೈಗೊಂದು ಹಿಂಬರಹ ಬರುತ್ತದೆ: ‘ನೀವು ನೀಡಿದ ದೂರು ಸಿವಿಲ್ ಸ್ವರೂಪದ್ದಾಗಿರುವುದರಿಂದ ನ್ಯಾಯಾಲಯದಲ್ಲಿ ಪರಿಹರಿಸಿಕೊಳ್ಳುವುದು.’ ರೇಷನ್ ತಂದಿಲ್ಲವೇಕೆ ಎಂದು ಅಮ್ಮ ಕೇಳಿದರೆ ‘ಪರಿಶೀಲನೆಯಲ್ಲಿದೆ’. ಅಮ್ಮ ಸೌಟು ಎತ್ತಿದರೆ, ‘1098ಕ್ಕೆ ಫೋನ್ ಮಾಡ್ತೀನಿ. ಮಕ್ಕಳ ಸಹಾಯವಾಣಿ, ಇಪ್ಪತ್ನಾಲ್ಕು ಗಂಟೆ ಇರತ್ತೆ.’

‘ಮಾಡು. ಫೋನ್ ನನ್ ಹತ್ರ ಐತೆ.’

ಕನ್ನಡ ಮೇಡಂ ಪಾಡು ಇನ್ನೂ ಕಷ್ಟ. ‘ನಾನು ಕಂಡ ಜಾತ್ರೆ’ ಎಂಬ ಪ್ರಬಂಧಕ್ಕೆ ಇವನು ಬರೆದದ್ದು ಹೀಗೆ: ‘ದಿನಾಂಕದಂದು ಸಂಜೆ ಸುಮಾರು 17-30 ಗಂಟೆ ಸಮಯದಲ್ಲಿ ನಾನು, ನನ್ನ ತಾಯಿ ಹಾಗೂ ತಂಗಿ ಮೂವರೂ ದೇವಸ್ಥಾನದ ಬಳಿ ಹೋಗಲಾಗಿ, ಅಲ್ಲಿ ಸಾವಿರಾರು ಜನರು ಗುಂಪುಗೂಡಿರುವುದು ಕಂಡುಬಂದಿರುತ್ತದೆ. ಸದರಿ ಗುಂಪಿನವರು ಏಕೋದ್ದೇಶದಿಂದ ರಥವನ್ನು ಹಗ್ಗದಿಂದ ಎಳೆದು, ಅದರ ಮೇಲೆ ಬಾಳೆಹಣ್ಣುಗಳನ್ನು ಎಸೆದಿರುತ್ತಾರೆ. ಅವುಗಳ ಪೈಕಿ ಒಂದು ಹಣ್ಣು ನನ್ನ ಎಡಗಣ್ಣಿನ ಮೇಲ್ಭಾಗಕ್ಕೆ ಬಡಿದು ಊತದ ಗಾಯವಾಗಿರುತ್ತದೆ. ಎಸೆದವರ ಹೆಸರು ವಿಳಾಸ ತಿಳಿದಿರುವುದಿಲ್ಲ. ಮುಂದೆ ನೋಡಿದಲ್ಲಿ ಗುರುತಿಸುತ್ತೇನೆ.’ ಮೇಡಂ ಎರಡು ಸಲ ಓದಿದರು. ಕಾಗುಣಿತದ ತಪ್ಪು ಒಂದೂ ಇಲ್ಲ. ಹತ್ತಕ್ಕೆ ಎಂಟು ಕೊಟ್ಟರು. ಕೊಟ್ಟ ಮೇಲೆ, ತಮ್ಮ ಸೈಕಲ್ ಕಳೆದುಹೋದದ್ದಕ್ಕೊಂದು ಅರ್ಜಿ ಬರೆದುಕೊಡಪ್ಪಾ ಎಂದು ಮೆಲ್ಲಗೆ ಕೇಳಿದರಂತೆ.

ಕಾನೂನು ವಿಷಯದಲ್ಲಿ ಮಾತ್ರ ಅವನನ್ನು ಹಗುರವಾಗಿ ಕಾಣುವಂತಿಲ್ಲ. ಊರಲ್ಲಿ ದೊಡ್ಡವರೆನಿಸಿಕೊಂಡ ಎಷ್ಟೋ ಜನರಿಗಿಂತ ಹೆಚ್ಚು ಗೊತ್ತು. ಚೀಟಿ ಹಣ ಎತ್ತಿಕೊಂಡು ಓಡಿಹೋದವನನ್ನು ತಾತ ‘ಫೋರ್ ಟ್ವೆಂಟಿ ನನ್ಮಗ’ ಎಂದು ಬೈಯುತ್ತಿದ್ದರು.

‘ತಾತ, ಹಂಗನ್ನಂಗಿಲ್ಲ. 1860ರ ಐಪಿಸಿ ಹೋಯ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ. ಮೋಸಕ್ಕೀಗ ಕಲಂ 318, ಉಪಕಲಂ 4.’

ತಾತ ಒಮ್ಮೆ ಬಾಯಲ್ಲಿ ಹೇಳಿ ನೋಡಿದರು. ‘ತ್ರೀ ಏಟೀನ್ ಬ್ರಾಕೆಟ್ಟಲ್ಲಿ ಫೋರ್ ನನ್ಮಗ.’ ತಲೆಯಾಡಿಸಿದರು. ‘ಇಲ್ಲ ಕಣ್ಲಾ, ಬೈದಂಗೇ ಆಗಲ್ಲ.’

ಚಿಕ್ಕಪ್ಪನ ಮಗ ಹತ್ತನೇ ಕ್ಲಾಸಿನವನು, ಟ್ಯೂಷನ್ನಿಗೆ ಸ್ಕೂಟರಿನಲ್ಲಿ ಹೋಗುತ್ತಿದ್ದ. ಕೆಡೆಟ್ ಅವನನ್ನು ಏನೂ ಅನ್ನಲಿಲ್ಲ. ಸೀದಾ ಚಿಕ್ಕಪ್ಪನ ಬಳಿ ಹೋಗಿ, 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಎಂದ. ‘ಓದ್ಕೊಂಡಿರೋ ಹುಡುಗನ್ನ ಜೈಲಿಗೆ ಹಾಕ್ತಾರೇನೋ?’ ಎಂದರು ಚಿಕ್ಕಪ್ಪ. ‘ಅವನಿಗಲ್ಲ ಚಿಕ್ಕಪ್ಪ, ನಿಮಗೆ.’ ಸ್ಕೂಟರಿನ ಕೀಲಿ ಅಂದು ದೇವರ ಗೂಡಿನ ಹಿಂದೆ ಹೋದದ್ದು ಇನ್ನೂ ಹೊರಗೆ ಬಂದಿಲ್ಲ.

ಅದೇ ವಾರ ಪುರಸಭೆ ಸದಸ್ಯರ ಮಗ, ಅವನೂ ಹತ್ತನೆಯ ಕ್ಲಾಸೇ, ಬುಲೆಟ್ಟಿನಲ್ಲಿ ಇನ್ನಿಬ್ಬರನ್ನು ಕೂರಿಸಿಕೊಂಡು ಶಾಲೆಯ ಮುಂದೆಯೇ ಡಬ ಡಬ ಎನಿಸುತ್ತಾ ಹಾದುಹೋದ. ಗೇಟಿನಲ್ಲಿ ನಿಂತಿದ್ದ ನಮ್ಮ ಕೆಡೆಟ್ ಆ ಕ್ಷಣಕ್ಕೆ ಸರಿಯಾಗಿ ಬಗ್ಗಿ ಶೂ ಲೇಸು ಕಟ್ಟಿಕೊಂಡ. ಸದ್ದು ದೂರವಾಗುವವರೆಗೂ ಕಟ್ಟಿದ. ಇದನ್ನು ಯಾವ ಪಠ್ಯದಲ್ಲೂ ಹೇಳಿಕೊಟ್ಟಿಲ್ಲ, ರೈಟರೂ ಹೇಳಿರಲಾರರು. ಈ ಹುಡುಗನಿಗೆ ಇಲಾಖೆಯಲ್ಲಿ ಭವಿಷ್ಯವಿದೆ ಎಂದು ನನಗೆ ಖಾತ್ರಿಯಾದದ್ದು ಆಗಲೇ.

ಜನವರಿಯ ರಸ್ತೆ ಸುರಕ್ಷತಾ ಮಾಸ ಬಂದರೆ ಇವರಿಗೆ ಹಬ್ಬ. ಹೆಲ್ಮೆಟ್ ಹಾಕದವರನ್ನು ನಿಲ್ಲಿಸಿ, ದಂಡದ ಬದಲು ಗುಲಾಬಿ ಕೊಟ್ಟು ಬುದ್ಧಿ ಹೇಳುವ ಕಾರ್ಯಕ್ರಮ. ಬಸ್ ಸ್ಟ್ಯಾಂಡ್ ಸರ್ಕಲ್ಲಿನಲ್ಲಿ ಖಾಕಿ ತೊಟ್ಟ ಮಕ್ಕಳು ಬಕೆಟ್ ತುಂಬ ಹೂ ಇಟ್ಟುಕೊಂಡು ನಿಂತಿದ್ದರು. ನಾಚಿಕೊಂಡವರು ಕೆಲವರು. ಒಬ್ಬ ಮಾತ್ರ ಇನ್ನೊಂದು ಸುತ್ತು ಬಂದು ‘ಹಳದಿ ಇಲ್ವಾ?’ ಎಂದು ಕೇಳಿದ. ಹಿಂದೆ ಕೂತ ಹೆಂಗಸೊಬ್ಬರಿಗೆ, ಹಿಂಬದಿ ಸವಾರರಿಗೂ ಹೆಲ್ಮೆಟ್ ಎಂದು ರಾಜ್ಯದಲ್ಲಿ 2016ರಲ್ಲೇ ಆಗಿದೆ ಎಂದು ಇವನು ವಿವರಿಸಿದರೆ, ಮುಡಿದ ಮಲ್ಲಿಗೆ ನಲುಗುತ್ತದಲ್ಲಪ್ಪಾ ಎಂದು ಅವರು ಗುಲಾಬಿಯನ್ನೂ ಅದರ ಪಕ್ಕಕ್ಕೇ ಸಿಕ್ಕಿಸಿಕೊಂಡರು. ಆಮೇಲೆ ಬಂದ ಬೈಕಿನ ವಿಚಾರ ಅವನ ನೋಟ್‌ಬುಕ್ಕಿನಲ್ಲೇ ಇದೆ, ದುಂಡಗಿನ ಅಕ್ಷರದಲ್ಲಿ:

‘ಈ ದಿನ ಬೆಳಿಗ್ಗೆ 10-40 ಗಂಟೆಗೆ ಹೆಲ್ಮೆಟ್ ಧರಿಸದೆ ಬಂದ ಬೈಕ್ ಸವಾರನನ್ನು ತಡೆದು ನಿಲ್ಲಿಸಿ ವಿಚಾರಿಸಲಾಗಿ, ಸದರಿಯವರು ನನ್ನ ಸ್ವಂತ ತಂದೆಯೆಂದು ತಿಳಿದುಬಂದಿರುತ್ತದೆ. ಗುಲಾಬಿ ನೀಡಲು ಹೋದಾಗ ಸದರಿಯವರು ಏಕಾಏಕಿ ಕೋಪಗೊಂಡು, “ಮನೆಗ್ ಬಾ, ಐತೆ ನಿಂಗೆ” ಎಂದು ಸಾರ್ವಜನಿಕರ ಸಮಕ್ಷಮ ಪ್ರಾಣ ಬೆದರಿಕೆ ಹಾಕಿ, ಹೂವಿನ ಸಮೇತ ಸ್ಥಳದಿಂದ ಪರಾರಿಯಾಗಿರುತ್ತಾರೆ. ಆದ್ದರಿಂದ ಇಂದು ರಾತ್ರಿ ಊಟದ ಸಮಯಕ್ಕೆ ನಮ್ಮ ಮನೆಗೆ ಸೂಕ್ತ ಬಂದೋಬಸ್ತ್ ಒದಗಿಸಬೇಕಾಗಿ ಕೋರಿಕೆ.’