ಡೆತ್ ವ್ಯಾಲಿಯಲ್ಲಿ ಬಾಳಕ

ಆಗುಂಬೆಯ ಮಗ್ಗುಲಿನ ಹಳ್ಳಿಯಲ್ಲಿ ಹುಟ್ಟಿ ಬೆಳೆದ ನನಗೆ ಬಿಸಿಲೆಂದರೆ ಅಪರೂಪದ ನೆಂಟ. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಹೊಯ್ಯುವ ಸೀಮೆಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲನ್ನು ಯಾರೂ ಸುಮ್ಮನೆ ಹೋಗಗೊಡುವುದಿಲ್ಲ. ಅಂಗಳದ ತುಂಬ ಚಾಪೆ, ಚಾಪೆಯ ತುಂಬ ಹಲಸಿನ ಹಪ್ಪಳ, ಸಂಡಿಗೆ. ಪಕ್ಕದಲ್ಲಿ ಕಾಗೆ ಓಡಿಸಲು ಕೋಲು ಹಿಡಿದು ಕೂತ ಒಬ್ಬ ಹುಡುಗ. ಬಹಳ ವರ್ಷ ಆ ಹುಡುಗ ನಾನೇ ಆಗಿದ್ದೆ.

ಇಂಥವನು ಮಗಳ ಮನೆಗೆಂದು ಒಂದು ಜೂನ್ ತಿಂಗಳು ಲಾಸ್ ಏಂಜಲೀಸಿಗೆ ಹೋದೆ. ಅಲ್ಲಿ ಸಮುದ್ರದ ಬದಿಯ ಊರುಗಳಿಗೆ ಜೂನ್‌ನಲ್ಲಿ ಮೋಡ ಬಂದು ಕವುಚಿಕೊಳ್ಳುತ್ತದೆ. ಅದಕ್ಕೆ ‘ಜೂನ್ ಗ್ಲೂಮ್’ ಎಂದು ಹೆಸರೇ ಇದೆ. ನನ್ನ ಹೆಂಡತಿಗೆ ಇದು ಗೊತ್ತಿರಲಿಲ್ಲ. ಮೆಕ್ಸಿಕನ್ ಅಂಗಡಿಯಲ್ಲಿ ಒಳ್ಳೆಯ ಹಸಿಮೆಣಸಿನಕಾಯಿ ಕಂಡವಳೇ ಎರಡು ಪೌಂಡ್ ತಂದು, ಸೀಳಿ, ಉಪ್ಪು ಹಾಕಿದ ಹುಳಿಮಜ್ಜಿಗೆಯಲ್ಲಿ ಮುಳುಗಿಸಿಬಿಟ್ಟಳು. ಬಾಳಕ ಮಾಡಿದವರಿಗೆ ಗೊತ್ತು: ರಾತ್ರಿ ಮಜ್ಜಿಗೆಯಲ್ಲಿ ನೆನೆಯಬೇಕು, ಹಗಲು ಬಿಸಿಲಲ್ಲಿ ಒಣಗಬೇಕು, ಮಜ್ಜಿಗೆಯೆಲ್ಲ ಹೀರುವ ತನಕ ಇದೇ ವ್ರತ. ಬಾಲ್ಕನಿಯಲ್ಲಿ ಐದು ದಿನ ಕಳೆದರೂ ಮೆಣಸಿನಕಾಯಿ ಜಪ್ಪಯ್ಯ ಅನ್ನಲಿಲ್ಲ. ಆರನೆಯ ದಿನ ಬೂಸ್ಟು ಹಿಡಿಯುವ ಲಕ್ಷಣ ಕಂಡಿತು.

“ಇಷ್ಟು ದೂರ ಬಂದರೂ ತೀರ್ಥಹಳ್ಳಿ ಹವೆಯೇ” ಎಂದು ಅವಳು ಗೊಣಗಿದ್ದು ಅಳಿಯನ ಕಿವಿಗೆ ಬಿತ್ತು.

“ಬಿಸಿಲು ಬೇಕಾ ಅತ್ತೆ? ಶನಿವಾರ ಡೆತ್ ವ್ಯಾಲಿಗೆ ಹೋಗೋಣ, ನಡೀರಿ.”

ಅವನು ತಮಾಷೆಗೆ ಹೇಳಿದ್ದು. ಶನಿವಾರ ನಸುಕಿನಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಮತ್ತು ಹೆಂಡತಿಯ ನಡುವೆ ಬಾಳಕದ ತಟ್ಟೆ ಆಗಲೇ ಕೂತಿತ್ತು. ಡಿಕ್ಕಿಯಲ್ಲಿ ಮೊಸರನ್ನ, ಚಕ್ಕುಲಿ, ಲೆಕ್ಕವಿಲ್ಲದಷ್ಟು ನೀರು. ನಾನು ಊರಿನಿಂದ ತಂದಿದ್ದ ಕರಿಕೊಡೆಯನ್ನೂ ಇಟ್ಟುಕೊಂಡೆ. “ಅಲ್ಲಿ ಮಳೆ ಬರಲ್ಲ ಅಪ್ಪ” ಎಂದಳು ಮಗಳು. ಅವಳು ಹೇಳಿದ್ದು ನಿಜವೇ. ಅಲ್ಲಿ ಬೀಳುವುದು ವರ್ಷಕ್ಕೆ ಎರಡು ಇಂಚು ಚಿಲ್ಲರೆ; 1929ರಲ್ಲಂತೂ ಇಡೀ ವರ್ಷ ಒಂದು ಹನಿಯೂ ದಾಖಲಾಗಲಿಲ್ಲವಂತೆ. ನಮ್ಮಲ್ಲಿ ಎರಡು ಇಂಚು ಬಿದ್ದ ದಿನ “ಇವತ್ತು ಸ್ವಲ್ಪ ಹೊಳವಾಗಿದೆ” ಎನ್ನುತ್ತೇವೆ.

ಬಾರ್‌ಸ್ಟೋ ದಾಟಿದ ಮೇಲೆ ಮೊಹಾವಿ ಮರುಭೂಮಿ. ನನ್ನ ತಲೆಯಲ್ಲಿದ್ದ ಮರುಭೂಮಿಯಲ್ಲಿ ಮರಳು, ಒಂಟೆ, ಖರ್ಜೂರದ ಮರ ಇದ್ದವು. ಇಲ್ಲಿ ಕಂಡದ್ದು ಬೋಳು ಗುಡ್ಡ, ಮಾರಿಗೊಂದು ಕುರುಚಲು ಗಿಡ. ಗಿಡಗಳು ಒಂದಕ್ಕೊಂದು ಮಾತು ಬಿಟ್ಟ ದಾಯಾದಿಗಳ ಹಾಗೆ ದೂರ ದೂರ ನಿಂತಿದ್ದವು. ಬೇಕರ್ ಎಂಬ ಊರಿನಲ್ಲಿ 134 ಅಡಿ ಎತ್ತರದ ಥರ್ಮಾಮೀಟರ್ ನಿಲ್ಲಿಸಿದ್ದಾರೆ. ಡೆತ್ ವ್ಯಾಲಿಯ ಫರ್ನೇಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು 134 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 56.7 ಡಿಗ್ರಿ ಸೆಲ್ಸಿಯಸ್ ದಾಖಲಾದದ್ದರ ನೆನಪಿಗೆ. ದೇವರ ಉತ್ಸವಕ್ಕೆ ಗರುಡಗಂಬ ನಿಲ್ಲಿಸಿದಂತೆ ಜ್ವರಕ್ಕೊಂದು ಕಂಬ. ನಾವು ಹೋದ ದಿನ ಅದು 113 ತೋರಿಸುತ್ತಿತ್ತು. “ಇನ್ನೂ ಏರುತ್ತೆ” ಎಂದ ಅಳಿಯನ ದನಿಯಲ್ಲಿ ಆತಿಥ್ಯ ಇತ್ತು.

ಅಲ್ಲಿಂದ ಉತ್ತರಕ್ಕೆ ತಿರುಗಿ, ಗುಡ್ಡ ದಾಟಿ ಇಳಿಯುತ್ತ ಹೋದಂತೆ ಬಿಸಿ ಏರುತ್ತ ಹೋಯಿತು. ಫರ್ನೇಸ್ ಕ್ರೀಕ್ ಎಂದರೆ ಕುಲುಮೆ ಹಳ್ಳ. ಹೆಸರಿಟ್ಟವರು ಪ್ರವಾಸಿಗರಿಗೆ ಸುಳ್ಳು ಹೇಳಿಲ್ಲ. ಕಾರಿನ ಬಾಗಿಲು ತೆಗೆದೆ. ಬಚ್ಚಲೊಲೆಯ ಬಾಯಿಗೆ ಮುಖ ಕೊಟ್ಟಂತಾಯಿತು. ಪ್ರವಾಸಿ ಕೇಂದ್ರದ ಎದುರಿನ ಫಲಕ 119 ತೋರಿಸುತ್ತಿತ್ತು. ಜನ ಅದರ ಪಕ್ಕ ನಿಂತು ಧರ್ಮಸ್ಥಳದಲ್ಲಿ ನಿಂತಂತೆ ಸರದಿಯಲ್ಲಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಗಾಳಿ ಬೀಸಿದರೆ ತಂಪಾಗುತ್ತದೆ ಎಂಬುದು ಅರುವತ್ತೈದು ವರ್ಷದ ನನ್ನ ನಂಬಿಕೆ. ಅಲ್ಲಿ ಗಾಳಿ ಬೀಸಿತು, ನಂಬಿಕೆ ಸುಟ್ಟುಹೋಯಿತು.

ಹೆಂಡತಿ ಮಾತ್ರ ಆ ಬಿಸಿಲನ್ನು ತುಂಬಿದ ಸಂತೆಗೆ ಕಾಸಿಲ್ಲದೆ ಬಂದವಳ ಹಾಗೆ ನೋಡುತ್ತಿದ್ದಳು. “ಎಷ್ಟು ಬಿಸಿಲು ರೀ, ಎಲ್ಲ ದಂಡ ಆಗ್ತಾ ಇದೆ. ಇಲ್ಲಿ ನಾಲ್ಕು ಚಾಪೆ ಹಾಸಿದ್ರೆ ಊರಿಗೆಲ್ಲ ಹಪ್ಪಳ ಆಗ್ತಿತ್ತು.” ತಟ್ಟೆಯನ್ನು ಕೆಳಗಿಡಲು ಹೊರಟಾಗ ಮಗಳು ತಡೆದಳು. ಜನ ಬಂದು ನೆಲದ ಮೇಲೆ ಮೊಟ್ಟೆ ಒಡೆದು ಬೇಯುತ್ತದೋ ನೋಡುತ್ತಿದ್ದರಂತೆ. ಸಿಪ್ಪೆ ಗುಡಿಸಿ ಸಾಕಾಗಿ, ಹಾಗೆ ಮಾಡಬೇಡಿ ಎಂದು ಪಾರ್ಕಿನವರೇ 2013ರಲ್ಲಿ ಕೇಳಿಕೊಂಡರಂತೆ.

“ಮೊಟ್ಟೆ ಬೇಡ ಅಂದಿದ್ದಾರೆ. ಬಾಳಕ ಬೇಡ ಅಂದಿದ್ದಾರಾ?”

ಮಗಳ ಬಳಿ ಉತ್ತರ ಇರಲಿಲ್ಲ. ಕೊನೆಗೆ ತಟ್ಟೆ ಕಾರಿನ ಡ್ಯಾಶ್‌ಬೋರ್ಡ್ ಏರಿತು. ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿಟ್ಟೆವು. ಅಷ್ಟರಲ್ಲಿ ಎಲ್ಲಿಂದಲೋ ಒಂದು ಕಾಗೆ ಬಂದು ಬಾನೆಟ್ ಮೇಲೆ ಕೂತಿತು. ನಮ್ಮೂರ ಕಾಗೆಯ ಒಂದೂವರೆಯಷ್ಟು ದಪ್ಪ. “ಅದು ರೇವನ್ ಅಪ್ಪ” ಎಂದಳು ಮಗಳು. ಏನಾದರಾಗಲಿ, ನನ್ನ ಕೈ ತಾನಾಗಿ ಕೊಡೆ ಎತ್ತಿತು. ಐವತ್ತೈದು ವರ್ಷದ ಹಿಂದೆ ಬಿಟ್ಟ ನೌಕರಿಗೆ ಅಮೆರಿಕದಲ್ಲಿ ಮತ್ತೆ ಹಾಜರಾದೆ.

ಬ್ಯಾಡ್‌ವಾಟರ್‌ನಲ್ಲಿ ಇಳಿದಾಗ ಅದೇ ಕೊಡೆ ಬಿಚ್ಚಿಕೊಂಡೆ. ಉತ್ತರ ಅಮೆರಿಕದಲ್ಲೇ ಅತಿ ತಗ್ಗಿನ ಜಾಗ ಅದು, ಸಮುದ್ರಮಟ್ಟಕ್ಕಿಂತ 282 ಅಡಿ ಕೆಳಗೆ. ಹಿಂದಿನ ಬಂಡೆಯ ಮೇಲೆ ಎಲ್ಲೋ ಎತ್ತರದಲ್ಲಿ ‘ಸಮುದ್ರಮಟ್ಟ ಇಲ್ಲಿ’ ಎಂದು ಬೋರ್ಡು ತೂಗುಹಾಕಿದ್ದಾರೆ. ಕಾಲ ಕೆಳಗೆ ಕಣ್ಣು ಹಾಯುವಷ್ಟು ದೂರ ಬಿಳಿ ಉಪ್ಪು. ಹೆಂಡತಿ ಸುತ್ತ ನೋಡಿ, “ಉಪ್ಪೂ ಇಲ್ಲೇ, ಬಿಸಿಲೂ ಇಲ್ಲೇ. ಮಜ್ಜಿಗೆ ಒಂದು ಹೊತ್ತು ತಂದರೆ ಆಯ್ತು” ಎಂದಳು. 1849ರಲ್ಲಿ ಚಿನ್ನ ಹುಡುಕಿಕೊಂಡು ಹೊರಟವರು ಅಡ್ಡದಾರಿ ಹಿಡಿದು ಈ ಕಣಿವೆಯಲ್ಲಿ ಸಿಕ್ಕಿಬಿದ್ದು, ಹೇಗೋ ಪಾರಾಗಿ ಇಂಥ ಹೆಸರಿಟ್ಟು ಹೋದರು. ಅದೂ ಅವರು ಬಂದದ್ದು ಚಳಿಗಾಲದಲ್ಲಿ! ಅವರಿಗಿಂತ ಎಷ್ಟೋ ಮೊದಲಿಂದ ಟಿಂಬಿಶಾ ಶೊಶೋನಿ ಜನ ಇಲ್ಲಿ ಬಾಳುತ್ತ ಬಂದಿದ್ದಾರೆ, ಇವತ್ತೂ ಇದ್ದಾರೆ. ಒಬ್ಬರ ಮನೆಯಂಗಳಕ್ಕೆ ದಾರಿ ತಪ್ಪಿ ಬಂದವರು ಇಟ್ಟ ಹೆಸರು ನಕ್ಷೆಯಲ್ಲಿ ಉಳಿಯಿತು.

ಇಷ್ಟು ಕಾದರೂ ಬೆವರಲಿಲ್ಲವಲ್ಲ ಎಂದು ನಾನು ಕೊಚ್ಚಿಕೊಂಡೆ. “ಬೆವರ್ತಾ ಇದೀರಿ ಮಾವ, ಬಂದ ಕೂಡಲೇ ಆರಿಹೋಗ್ತಿದೆ. ಮೊದಲು ನೀರು ಕುಡೀರಿ” ಎಂದ ಅಳಿಯ. ಅಂಗಿಯ ಬೆನ್ನು ನೋಡಿದರೆ ಉಪ್ಪಿನ ಬಿಳಿಗೆರೆ, ಭಾರತದ ನಕ್ಷೆಯಷ್ಟು ಅಗಲ. ಹೆಂಡತಿ ಅಂಗಿಯನ್ನೊಮ್ಮೆ, ತಟ್ಟೆಯನ್ನೊಮ್ಮೆ ನೋಡಿದಳು.

“ಉಪ್ಪು ಹಿಡಿದಿದೆ. ಇನ್ನರ್ಧ ಗಂಟೆ ನಿಂತರೆ ನೀವೂ ಬಾಳಕವೇ.”

ಕೊಡೆ ಮಡಚಿ ಕಾರು ಹತ್ತಿದೆ.

ವಾಪಸ್ ಬರುವಾಗ ಪಶ್ಚಿಮದ ದಾರಿ ಹಿಡಿದೆವು. ಸಮುದ್ರಮಟ್ಟದಿಂದ ಸುಮಾರು 5000 ಅಡಿಯವರೆಗೆ ಏರು. ಎಂಜಿನ್ ಕಾಯಬಾರದು, ಎ.ಸಿ. ಆರಿಸಿ ಎಂಬ ಬೋರ್ಡು ಬಂತು. ಅಳಿಯ ಭಕ್ತಿಯಿಂದ ಆರಿಸಿದ. ಕಾರು ಕುದಿಯಬಾರದೆಂದು ನಾಲ್ಕು ಜನ ಕುದಿಯುತ್ತ ಘಟ್ಟ ಹತ್ತಿದೆವು. ಆ ಬಿಸಿಗೆ ತಟ್ಟೆಯಿಂದ ಹುಳಿಮಜ್ಜಿಗೆಯ ಘಮ ಎದ್ದು ಕಾರೆಲ್ಲ ತುಂಬಿತು. ಅಳಿಯ ಏನೂ ಹೇಳಲಿಲ್ಲ. ಕಾರು ಕೊಂಡು ಎರಡೇ ತಿಂಗಳಾಗಿತ್ತು. ಘಟ್ಟದ ನೆತ್ತಿಯಲ್ಲಿ ಹೆಂಡತಿ ಒಂದು ಮೆಣಸಿನಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಬೀಜ ಗಲಗಲ ಎಂದಿತು.

ನೀವೂ ಹೋಗುವುದಾದರೆ ತಲೆಗೆ ದಿನಕ್ಕೆ ನಾಲ್ಕು ಲೀಟರಿಗೆ ಕಡಿಮೆಯಿಲ್ಲದೆ ನೀರು ಇಟ್ಟುಕೊಳ್ಳಿ, ನಡೆದಾಡುವುದನ್ನು ಬೆಳಿಗ್ಗೆ ಹತ್ತರೊಳಗೆ ಮುಗಿಸಿ, ಮೊಬೈಲ್ ಸಿಗ್ನಲ್ ನಂಬಬೇಡಿ, ಕೊಡೆ ಮರೆಯಬೇಡಿ. ಬಾಳಕ ಒಯ್ಯುವುದಾದರೆ ಬೇರೆಯವರ ಕಾರಿನಲ್ಲಿ ಹೋಗಿ. ಆ ರಾತ್ರಿ ಮೊಸರನ್ನಕ್ಕೆ ಅದನ್ನು ಕರಿದಾಗ ಅಳಿಯನೇ ಎಂಟು ತಿಂದ. ಅವನ ಕಾರಿನಲ್ಲಿ ಮಜ್ಜಿಗೆಯ ವಾಸನೆ ಇನ್ನೂ ಹೋಗಿಲ್ಲವಂತೆ.