ಅಟ್ಟಮೀಮಾಂಸೆ: ‘ಇರಲಿ, ಬೇಕಾಗುತ್ತೆ’ ಎಂಬ ಮಹಾವಾಕ್ಯದ ವಿಚಾರ

ಮೀಮಾಂಸಾ ಶಾಸ್ತ್ರದಲ್ಲಿ ವಿಚಾರಕ್ಕೆ ಎತ್ತಿಕೊಂಡ ಒಂದೊಂದು ಪ್ರಶ್ನೆಗೂ ಅಧಿಕರಣವೆಂದು ಹೆಸರು. ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳಿಲ್ಲದೆ ಅದು ಪೂರ್ಣವಾಗದಾದ್ದರಿಂದ, ಅಡುಗೆಮನೆಯ ಅಟ್ಟದ ವಿಚಾರವೂ ಅದೇ ಕ್ರಮದಲ್ಲಿ ನಡೆಯತಕ್ಕದ್ದು.

ವಿಷಯ: ಮೋಟಾರು ಸುಟ್ಟ ಮಿಕ್ಸಿ, ಅದು ಬಂದ ರಟ್ಟಿನ ಪೆಟ್ಟಿಗೆ, ಟಿವಿಯ ಥರ್ಮೋಕೋಲು, ಗೃಹಪ್ರವೇಶಕ್ಕೆ ಮುಯ್ಯಿ ಬಂದ ಮೂರು ಗೋಡೆ ಗಡಿಯಾರ, ಮುಚ್ಚಳವಿಲ್ಲದ ಡಬ್ಬಗಳು ಮತ್ತು ಅವುಗಳಿಗೆ ಕೂಡದ ಮುಚ್ಚಳಗಳು.

ಸಂಶಯ: ಬೀದಿಯಲ್ಲಿ ಗುಜರಿಯವನ ಕೂಗು ಕೇಳಿದಾಗ ಇವನ್ನು ಇಳಿಸಬೇಕೋ, ಬೇಡವೋ?

ಪೂರ್ವಪಕ್ಷ: ನಾಲ್ಕು ಸಾವಿರ ಕೊಟ್ಟು ತಂದ ಮಿಕ್ಸಿಯನ್ನು ನಲವತ್ತು ರೂಪಾಯಿಗೆ ಕೊಡುವುದು ಅಧರ್ಮವೆಂದು ಮನೆಯ ಯಜಮಾನರ ವಾದ, ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆಯನ್ನು ಅವರು ಮಿಕ್ಸಿಗೂ ವಿಸ್ತರಿಸುತ್ತಾರೆ. ಕೈಬಿಟ್ಟು ಹೋದ, ಏನು ಮಾಡಿದರೂ ಮರಳಿ ಬಾರದ ಹಣವನ್ನು ಮುಂದಿನ ನಿರ್ಧಾರದ ಲೆಕ್ಕಕ್ಕೆ ಸೇರಿಸುವ ಈ ದೋಷಕ್ಕೆ ‘ಮುಳುಗಿದ ವೆಚ್ಚದ ಭ್ರಮೆ’ ಎಂದು ಹೆಸರು. ನಾಟಕಗಳ ಸೀಸನ್ ಟಿಕೆಟ್ಟಿಗೆ ಪೂರ್ತಿ ಹಣ ತೆತ್ತವರು, ರಿಯಾಯಿತಿಯಲ್ಲಿ ಕೊಂಡವರಿಗಿಂತ ಹೆಚ್ಚು ಪ್ರದರ್ಶನಗಳಿಗೆ ಹೋದರೆಂದು ಆರ್ಕ್ಸ್ ಮತ್ತು ಬ್ಲೂಮರ್ 1985ರಲ್ಲಿ ತೋರಿಸಿದ್ದಾರೆ. ಮನೆಯೊಡತಿಯ ಪ್ರಮಾಣ ಬೇರೆ: ಮಗಳ ಶಾಲೆಯ ಪ್ರಾಜೆಕ್ಟಿಗೆ ಒಮ್ಮೆ ರಾತ್ರಿ ಒಂಬತ್ತಕ್ಕೆ ಥರ್ಮೋಕೋಲು ಬೇಕಾಯಿತು, ಅಟ್ಟದಲ್ಲಿ ಸಿಕ್ಕಿತು. ಆ ಒಂದು ರಾತ್ರಿ ಶ್ರುತಿವಾಕ್ಯವಾಗಿ ನಿಂತಿದೆ. ಅದು ಬೇಡವಾಗಿದ್ದ ಹನ್ನೊಂದು ವರ್ಷಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ತನ್ನ ನಂಬಿಕೆಗೆ ಒಗ್ಗುವ ಸಾಕ್ಷ್ಯವನ್ನಷ್ಟೇ ಆರಿಸಿಕೊಳ್ಳುವ ಈ ಗುಣವು ‘ದೃಢೀಕರಣ ಪಕ್ಷಪಾತ’ವೆನಿಸುತ್ತದೆ.

ಸಿದ್ಧಾಂತ: ವಸ್ತುವಿನ ಬೆಲೆ ವಸ್ತುವಿನಲ್ಲಿಲ್ಲ, ‘ನಮ್ಮದು’ ಎಂಬ ಪದದಲ್ಲಿದೆ. ಮುಂದೆ ಬೇರೆ ಬೇರೆ ವರ್ಷಗಳಲ್ಲಿ ನೊಬೆಲ್ ಪಡೆದ ಕಾನೆಮನ್ ಮತ್ತು ಥೇಲರ್, ನೆಚ್ ಅವರೊಡಗೂಡಿ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯದ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟು ವ್ಯಾಪಾರಕ್ಕೆ ಬಿಟ್ಟಾಗ, ಮಗ್ ಸಿಕ್ಕವರು ಕೇಳಿದ ಬೆಲೆ, ಸಿಗದವರು ಕೊಡಲೊಪ್ಪಿದ ಬೆಲೆಯ ಸುಮಾರು ಎರಡು ಪಟ್ಟಿತ್ತು. ಇದೇ ‘ಒಡೆತನದ ಮೋಹ’. ಸ್ವಲ್ಪ ಹೊತ್ತು ಕೈಯಲ್ಲಿದ್ದ ಮಗ್ಗಿಗೇ ಬೆಲೆ ಇಮ್ಮಡಿಯಾಗುವುದಾದರೆ, ಹನ್ನೊಂದು ವರ್ಷ ತಲೆಯ ಮೇಲೆಯೇ ಇರುವ ಮಿಕ್ಸಿಯ ಬೆಲೆಯನ್ನು ಗುಜರಿಯವನ ತಕ್ಕಡಿ ಹೇಗೆ ತೂಗೀತು?

ಸಂಗತಿ: ಈ ವ್ಯಾಧಿಗೆ ಪಂಡಿತರು ಹೇಳುವ ಮದ್ದು ಸರಳ: ‘ಇದು ಇಂದು ಅಂಗಡಿಯಲ್ಲಿದ್ದರೆ ಕೊಳ್ಳುತ್ತಿದ್ದೆವೇ?’ ಎಂದು ಒಂದೊಂದು ಸಾಮಾನಿಗೂ ಕೇಳಿಕೊಳ್ಳುವುದು. ಹಬ್ಬದ ಹಿಂದಿನ ಭಾನುವಾರ ಪ್ರಶ್ನೆ ಕೇಳಲಾಗುತ್ತದೆ, ಇಲ್ಲವೆಂಬ ಉತ್ತರ ಒಕ್ಕೊರಲಿನಿಂದ ಬರುತ್ತದೆ, ಸಾಮಾನೆಲ್ಲ ಕೆಳಗಿಳಿದು, ಧೂಳು ಒರೆಸಿಕೊಂಡು, ಮತ್ತೆ ಮೇಲೇರುತ್ತದೆ. ಆ ವರ್ಷ ಅಟ್ಟಕ್ಕೆ ಹೊಸದಾಗಿ ಸೇರುವುದು, ಒರೆಸಲು ಬಳಸಿದ ಹಳೆಯ ಬನಿಯನ್ ಒಂದೇ.